ಮಡಗಾಂವಿನಲ್ಲಿ ಹುಟ್ಟಿದವಳು

ವನಜಾಕ್ಷಿಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಮಡಗಾಂವ್, ಹುಟ್ಟಿದ ದಿನ ೧೯೫೩ರ ನವೆಂಬರ್ ಒಂಬತ್ತು ಎಂದಿತ್ತು. ಉಡುಪಿಯಿಂದ ಮುಂಬೈಗೆ ಹೋಗುವಾಗ ರೈಲಿನ ಕಿಟಕಿಯಿಂದ ಎರಡು ಸಲ ಕಂಡದ್ದು ಬಿಟ್ಟರೆ ಆ ಊರಿಗೂ ತನಗೂ ಯಾವ ಬಳಕೆಯೂ ಇಲ್ಲವೆಂದೇ ಅವಳು ತಿಳಿದಿದ್ದಳು. ಅಪ್ಪ ಒಂದು ಕಾಲಕ್ಕೆ ಅಲ್ಲಿ ಚಹಾ ತಿಂಡಿಯ ಹೋಟೆಲು ಇಟ್ಟಿದ್ದನಂತೆ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ನಡೆದ ಗಲಾಟೆಯಲ್ಲಿ ಎಲ್ಲ ಬಿಟ್ಟು ಬಂದನಂತೆ. ಮನೆಯಲ್ಲಿ ಆ ಮಾತು ಬಂದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಹಾಗಾಗಿ ಯಾರೂ ಆ ಮಾತು ತೆಗೆಯುತ್ತಿರಲಿಲ್ಲ.

೨೦೦೩ರ ಜೂನಿನಲ್ಲಿ ವನಜಾಕ್ಷಿ ಸ್ಯಾನ್ ಡಿಯೇಗೋಗೆ ಮಗಳ ಬಳಿ ಬಂದಳು. ಮಗಳು ಅಶ್ವಿತಾ ಲಾ ಹೋಯಾದಲ್ಲಿ ಸಮುದ್ರದ ನೀರಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ಎರಡನೇ ಮಹಡಿಯ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ತಾಯಿ ಮಗಳು ಒಬ್ಬರನ್ನೊಬ್ಬರು ಕಂಡು ಮೂರು ವರ್ಷವಾಗಿತ್ತು. ಆ ಮೂರು ವರ್ಷಗಳ ನಡುವೆ ಅಶ್ವಿತಾಳ ಅಪ್ಪ ಉದಯಶಂಕರ ತೀರಿಕೊಂಡಿದ್ದ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಲು ಇನ್ನೂ ನಾಲ್ಕು ವರ್ಷವಿದ್ದಾಗ, ಒಂದು ಭಾನುವಾರ ಊಟಕ್ಕೆ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಸುದ್ದಿ ತಿಳಿದು ಅಶ್ವಿತಾ ಫೋನಿನಲ್ಲಿ ಅತ್ತಳು, ಆದರೆ ಬರಲಿಲ್ಲ. ಅವಳ ಪಾಸ್‌ಪೋರ್ಟಿನಲ್ಲಿದ್ದ ವೀಸಾದ ಮುದ್ರೆಯ ಅವಧಿ ಮುಗಿದಿತ್ತು. ಒಮ್ಮೆ ದೇಶ ಬಿಟ್ಟರೆ ಚೆನ್ನೈಯಲ್ಲಿ ಹೊಸ ಮುದ್ರೆ ಹಾಕಿಸಿಕೊಂಡೇ ಮರಳಬೇಕು. ಎರಡು ಸಾವಿರದ ಒಂದರ ಸೆಪ್ಟೆಂಬರಿನ ನಂತರ ವಿಜ್ಞಾನಿಗಳ ಅರ್ಜಿಗಳು ತಿಂಗಳುಗಟ್ಟಲೆ ತಪಾಸಣೆಯಲ್ಲಿ ಕೊಳೆಯುತ್ತಿದ್ದವು. ಅವಳ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಅಣ್ಣನ ಮದುವೆಗೆಂದು ಹೋಗಿ ಏಳು ತಿಂಗಳು ಅಲ್ಲೇ ಸಿಕ್ಕಿಬಿದ್ದಿದ್ದ. "ನೀನು ಬರಬೇಡ ಮಗಾ, ಬಂದು ಏನು ಮಾಡ್ಲಿಕ್ಕುಂಟು," ಎಂದು ವನಜಾಕ್ಷಿಯೇ ಹೇಳಿದ್ದಳು. ಹೇಳಿದ್ದು ಹೌದು, ಆದರೆ ಉತ್ತರಕ್ರಿಯೆಯ ಬೊಜ್ಜದ ದಿನ ಬಾಗಿಲಲ್ಲಿ ಯಾವ ರಿಕ್ಷಾ ನಿಂತರೂ ಇಣುಕಿ ನೋಡಿದ್ದಳು.

ಇದನ್ನು ಅವಳು ಮಗಳಿಗೆ ಹೇಳಿರಲಿಲ್ಲ. ಅಶ್ವಿತಾಳಿಗೆ ಹೇಗೋ ಗೊತ್ತಿತ್ತು.

ಒಂದು ದಿನ ತಾಯಿಯ ಹೆಲ್ತ್ ಇನ್ಶೂರೆನ್ಸಿನ ಫಾರಂ ತುಂಬುತ್ತಿದ್ದ ಅಶ್ವಿತಾ ಪಾಸ್‌ಪೋರ್ಟನ್ನು ತೆರೆದು ಹುಟ್ಟಿದ ಊರಿನ ಮೇಲೆ ಬೆರಳಿಟ್ಟಳು.

"ಅಮ್ಮ, ನೀನು ಹುಟ್ಟಿದಾಗ ಗೋವಾ ಪೋರ್ಚುಗಲ್‌ದಲ್ವಾ?"

"ಹೌದಂತೆ. ಯಾಕೆ?"

ಅರವತ್ತೊಂದರಲ್ಲಿ ಭಾರತಕ್ಕೆ ಸೇರುವ ಮೊದಲು ಗೋವಾದಲ್ಲಿ ಹುಟ್ಟಿದವರೂ ಅವರ ಮಕ್ಕಳೂ ಪೋರ್ಚುಗಲ್ಲಿನ ಪೌರತ್ವ ಕೇಳಬಹುದು ಎನ್ನುವುದನ್ನು ಅಶ್ವಿತಾ ಆವತ್ತೇ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದಳು. ಮೊದಲು ತಾಯಿಯ ಜನನ ಲಿಸ್ಬನ್ನಿನ ಪುಸ್ತಕದಲ್ಲಿ ದಾಖಲಾಗಬೇಕು, ಆಮೇಲೆ ಮಗಳದು. ಅವಳ ಪ್ರಾಜೆಕ್ಟು ಮುಂದಿನ ಜೂನಿಗೆ ಮುಗಿಯುತ್ತಿತ್ತು, ಅದರೊಂದಿಗೆ ವೀಸಾವೂ. ಐರ್ಲೆಂಡಿನ ಗಾಲ್ವೆ ಎಂಬ ಊರಿನಲ್ಲಿ ಅವಳಿಗೆ ಹೇಳಿ ಮಾಡಿಸಿದಂಥ ಒಂದು ಕೆಲಸವಿತ್ತು. ಯುರೋಪಿನ ಪೌರರಿಗೆ ಮೊದಲ ಆದ್ಯತೆ ಎಂದು ಜಾಹೀರಾತಿನಲ್ಲೇ ಹಾಕಿದ್ದರು.

"ಅಲ್ಲಿ ಯಾರ ಹತ್ರಾನೂ ಸ್ಟ್ಯಾಂಪ್ ಹಾಕ್ಸ್ಕೋಬೇಕಾಗಿಲ್ಲ ಅಮ್ಮ. ಯಾವಾಗ ಬೇಕೋ ಹೊರಡಬಹುದು, ಯಾವಾಗ ಬೇಕೋ ವಾಪಸ್ ಬರಬಹುದು. ಇನ್ನೊಂದ್ ಸಲ..." ಎಂದವಳು ಮಾತು ಅಲ್ಲಿಗೇ ನಿಲ್ಲಿಸಿದಳು. ಇನ್ನೊಂದು ಸಲ ಅಂದರೆ ತನ್ನ ಸಲ ಎಂದು ವನಜಾಕ್ಷಿಗೆ ಅರ್ಥವಾಯಿತು. ಮಗಳು ಕೇಳಿದ ಎಲ್ಲ ಕಾಗದಗಳಿಗೂ ಅವಳು ಎರಡು ಮಾತಿಲ್ಲದೆ ಸಹಿ ಹಾಕಿದಳು.

ಗೋವಾದ ಒಬ್ಬ ವಕೀಲ ಆಗಸ್ಟಿನಲ್ಲಿ ಜನನ ದಾಖಲೆಯ ನಕಲು ಕಳಿಸಿದ. ಹಳೆಯ ಕೈಬರಹ, ಪೋರ್ಚುಗೀಸ್ ಭಾಷೆ. ಅದನ್ನು ಓದಿಸಲು ಇಬ್ಬರೂ ಪಾಯಿಂಟ್ ಲೋಮಾಕ್ಕೆ ಹೋದರು. ಬಂದರಿನ ಪಕ್ಕದ ಆ ಗುಡ್ಡದ ಮೇಲೆ ಪೋರ್ಚುಗೀಸ್ ಮೀನುಗಾರರ ಮನೆಗಳಿದ್ದವು. ಮಿಸೆಸ್ ಸಿಲ್ವೇರಾ ಎಂಬ ಎಪ್ಪತ್ತು ದಾಟಿದ ಹೆಂಗಸು ತಮ್ಮವರಿಗೆಲ್ಲ ಕಾಗದಪತ್ರ ತರ್ಜುಮೆ ಮಾಡಿಕೊಡುತ್ತಿದ್ದಳು. ಅವಳ ಗಂಡ ಟ್ಯೂನಾ ಮೀನಿನ ದೋಣಿಗಳಲ್ಲಿ ದುಡಿದು ಸತ್ತವನು. ಭೂತಗನ್ನಡಿ ಹಿಡಿದು ಅವಳು ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು, ಅಶ್ವಿತಾ ಕನ್ನಡದಲ್ಲಿ ಹೇಳಿದಳು.

"ಬೆಳಗಿನ ಜಾವ ನಾಲ್ಕು ಗಂಟೆಗೆ ಹುಟ್ಟಿದ ಹೆಣ್ಣು ಮಗು. ತಂದೆ ಹೋಟೆಲಿನ ಯಜಮಾನ. ಹೆಸರು ವೊನೊಜಾಕ್ಷಿ."

ವನಜಾಕ್ಷಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವಳಿಗೆ ಜಾತಕವಿರಲಿಲ್ಲ. ಹುಟ್ಟಿದ ಗಳಿಗೆ ಯಾವುದೆಂದು ಕೇಳಿದರೆ ಅಮ್ಮ, "ಬೆಳಗ್ಗೆಯೋ ಸಂಜೆಯೋ, ಯಾರಿಗೆ ನೆನಪುಂಟು," ಎಂದುಬಿಡುತ್ತಿದ್ದಳು. ಯಾರೋ ಗುರುತಿಲ್ಲದ ಗುಮಾಸ್ತ ಅದನ್ನು ಅಷ್ಟು ಚೆಂದದ ಅಕ್ಷರದಲ್ಲಿ ಬರೆದಿಟ್ಟಿದ್ದ. "ನಾಲ್ಕು ಗಂಟೆಗಂತೆ ಮಾರಾಯ್ತಿ!" ಎಂದು ಕಾರಿನಲ್ಲಿ ಎರಡು ಮೂರು ಸಲ ಹೇಳಿದಳು.

ತೊಡಕು ಒಂದೇ: ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನ ಅಕ್ಷರಗಳಿಗೆ ತಾಳೆಯಾಗುತ್ತಿರಲಿಲ್ಲ. ಪುಸ್ತಕದಲ್ಲಿರುವ ಮಗು ಇದೇ ಹೆಂಗಸು ಎಂದು ಹುಟ್ಟನ್ನು ಕಂಡ ಹಿರಿಯರೊಬ್ಬರು ಪ್ರಮಾಣ ಮಾಡಿ ಬರೆದುಕೊಡಬೇಕು, ಅದೇ ಮಾತಿಗೆ ವನಜಾಕ್ಷಿಯೂ ನೋಟರಿಯ ಎದುರು ಸಹಿ ಹಾಕಬೇಕು ಎಂದಳು ಮಿಸೆಸ್ ಸಿಲ್ವೇರಾ. ಅಂಥವರು ಬದುಕಿದ್ದುದು ಒಬ್ಬರೇ, ವನಜಾಕ್ಷಿಯ ಅಣ್ಣ ಮೋನಪ್ಪ.

ಮೋನಪ್ಪ ಸ್ಯಾನ್ ಡಿಯೇಗೋದಿಂದ ಎರಡು ಗಂಟೆ ದಾರಿಯ ಪೊಮೊನಾದಲ್ಲಿದ್ದ. ಅಲ್ಲಿಯ ಯೂನಿವರ್ಸಿಟಿಯಲ್ಲಿ ಇಪ್ಪತ್ತಾರು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಹೆಂಡತಿ ಸತ್ತು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಂಗಿಗಿಂತ ಎಂಟು ವರ್ಷ ದೊಡ್ಡವನು. ಊರಿನಲ್ಲಿ ಹುಟ್ಟಿ ಅಪ್ಪನ ಹಿಂದೆ ಮಡಗಾಂವಿಗೆ ಹೋದವನು. ಮಾತು ಕಡಿಮೆ. ಅಶ್ವಿತಾ ಹುಟ್ಟಿದಾಗ ನೋಡಲು ಬಂದವನು ಕೂಸನ್ನು ಎತ್ತಿಕೊಳ್ಳಲೇ ಇಲ್ಲ ಎಂದು ವನಜಾಕ್ಷಿಯ ಅತ್ತೆ ವರ್ಷಗಟ್ಟಲೆ ಆಡಿಕೊಂಡಿದ್ದಳು.

ಸೆಪ್ಟೆಂಬರಿನ ಒಂದು ಶನಿವಾರ ತಾಯಿ ಮಗಳು ಅವನ ಮನೆಗೆ ಹೋದರು. ಹಿತ್ತಲಿನಲ್ಲಿ ಬಸಳೆ ಹಬ್ಬಿಸಿದ್ದ. ಊಟಕ್ಕೆ ಅದರದ್ದೇ ಹುಳಿ ಮಾಡಿದ್ದ. ಊಟವಾದ ಮೇಲೆ ಅಶ್ವಿತಾ ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ಮೋನಪ್ಪ ಕನ್ನಡಕ ಹಾಕಿಕೊಂಡು ಓದಿದ. ಇನ್ನೊಮ್ಮೆ ಓದಿದ. ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

"ಇದು ನನ್ನಿಂದ ಆಗುದಿಲ್ಲ," ಎಂದ.

"ಯಾಕೆ ಮಾವ? ಸ್ಪೆಲ್ಲಿಂಗ್‌ದು ಅಷ್ಟೇ. ನೀವು ಸೈನ್ ಮಾಡಿದ್ರೆ ಸಾಕು."

"ಸ್ಪೆಲ್ಲಿಂಗ್‌ದಲ್ಲ ಮಗಳೇ." ಅವನು ಅಶ್ವಿತಾಳನ್ನು ಬಿಟ್ಟು ತಂಗಿಯ ಕಡೆ ತಿರುಗಿದ. "ವನಜಾ, ಇದು ನಿನ್ನದಲ್ಲ. ನೀನು ಹುಟ್ಟಿದ್ದು ಉಡುಪಿಯಲ್ಲಿ, ಅಜ್ಜಿಯ ಮನೆಯಲ್ಲಿ. ಐವತ್ತಾರನೇ ಇಸವಿ."

ವನಜಾಕ್ಷಿಗೆ ಮಾತು ತಲೆಗೆ ಹತ್ತಲಿಲ್ಲ. "ಹಾಗಾದ್ರೆ ಇದು ಯಾರದ್ದು?"

"ವನಜಾಕ್ಷಿಯದ್ದೇ. ನಿನ್ನ ಮೊದಲು ಒಬ್ಬಳು ಇದ್ದಳು."

ಅವನು ಹೇಳಿದ್ದು ಹೀಗೆ. ಐವತ್ತೈದರ ಆಗಸ್ಟಿನಲ್ಲಿ, ಗೋವಾ ಬಿಡಿಸಲು ಬಂದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರ ಗುಂಡು ಹಾರಿತು. ಗಡಿ ಮುಚ್ಚಿತು, ರೈಲು ನಿಂತಿತು. ಅಪ್ಪ ಸ್ವಲ್ಪ ದಿನ ಕಾದು ನೋಡಿ, ಹೋಟೆಲಿನ ಬೀಗದ ಕೈಯನ್ನು ಪಕ್ಕದ ಬೇಕರಿಯವನಿಗೆ ಕೊಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾಣಕೋಣದ ಕಡೆಯಿಂದ ಕಾಲುದಾರಿ ಹಿಡಿದ. ಮಗುವಿಗೆ ಇನ್ನೂ ಎರಡು ತುಂಬಿರಲಿಲ್ಲ. ಮೂರು ದಿನದಿಂದ ಜ್ವರ. ಅಪ್ಪನ ತಲೆಯ ಮೇಲೆ ಗಂಟು, ಅಮ್ಮನ ಕೈಯಲ್ಲಿ ಪಾತ್ರೆಗಳು. ಮಗುವನ್ನು ಹೊತ್ತದ್ದು ಹತ್ತು ವರ್ಷದ ಮೋನಪ್ಪ. ಗಡಿಯ ಪೋಲೆಂ ದಾಟುವ ಮೊದಲು ಪೋರ್ಚುಗೀಸ್ ಪೊಲೀಸರ ಕಾವಲು ಇತ್ತು. ಮಗು ಅತ್ತರೆ ಎಲ್ಲರೂ ಸಿಕ್ಕಿಬೀಳುತ್ತೇವೆ, ಬಾಯಿ ಮುಚ್ಚಿ ಹಿಡಿದುಕೋ ಎಂದಿದ್ದ ಅಪ್ಪ.

"ನಾನು ಬಾಯಿ ಮುಚ್ಚಲಿಲ್ಲ," ಎಂದ ಮೋನಪ್ಪ. "ಅದು ಅಳ್ಲೇ ಇಲ್ಲ. ಹೆಗಲ ಮೇಲೆ ಬೆಂಕಿಯ ಹಾಗೆ ಸುಡ್ತಾ ಇತ್ತು. ಮತ್ತೆ ನಿಧಾನಕ್ಕೆ ತಣ್ಣಗಾಯ್ತು. ಜ್ವರ ಇಳೀತು ಅಂತ ನನಗೆ ಖುಷಿ ಆಯ್ತು ವನಜಾ. ಒಂದು ಮೈಲಿ ನಡೆದೆ, ಜ್ವರ ಇಳಿದದ್ದನ್ನು ಅಮ್ಮನಿಗೆ ಹೇಳ್ಬೇಕು ಅಂತ."

ಗಡಿ ದಾಟಿ ಮಾಜಾಳಿಗೆ ಬಂದು ತಲುಪಿದಾಗ ಅವನು ಹೇಳಿದ. ಅಮ್ಮ ಮಗುವನ್ನು ತೆಗೆದುಕೊಂಡಳು.

ಯಾರದೋ ಗೇರು ಹಿತ್ತಲಿನಲ್ಲಿ ಮಣ್ಣು ಮಾಡಿದರು. ಸಾವನ್ನು ಬರೆಸಲು ಅಲ್ಲಿ ಯಾವ ಕಚೇರಿಯಿತ್ತು, ಯಾರಿಗೆ ಆ ಯೋಚನೆಯಿತ್ತು? ಮರುವರ್ಷ ಇನ್ನೊಂದು ಹೆಣ್ಣು ಹುಟ್ಟಿದಾಗ ಅಮ್ಮ, ಅದೇ ಬಂದಿದೆ ಎಂದಳು. ಹೆಸರು ಬದಲಾಯಿಸಲು ಬಿಡಲಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಹುಟ್ಟಿದ ದಾಖಲೆ ಕೇಳಿದ್ದಕ್ಕೆ ಅಪ್ಪ ಗಂಟಿನಲ್ಲಿ ಉಳಿದಿದ್ದ ಮಡಗಾಂವಿನ ಚೀಟಿಯನ್ನೇ ಕೊಟ್ಟ. ಈ ಮಾತು ಇನ್ನು ಯಾರ ಬಾಯಲ್ಲೂ ಬರಕೂಡದು ಎಂದು ಮೋನಪ್ಪನಿಂದ ಆಣೆ ಹಾಕಿಸಿಕೊಂಡ.

ವಾಪಸು ಬರುವಾಗ ಕಾರಿನಲ್ಲಿ ವನಜಾಕ್ಷಿ ತನ್ನ ವಯಸ್ಸನ್ನು ಲೆಕ್ಕ ಹಾಕುತ್ತಿದ್ದಳು. ತರಗತಿಯಲ್ಲಿ ಅವಳೇ ಎಲ್ಲರಿಗಿಂತ ಗಿಡ್ಡ. ಓರಗೆಯವರೆಲ್ಲ ಮೈನೆರೆದು ಎರಡು ಮೂರು ವರ್ಷ ಕಳೆದರೂ ಅವಳು ಹಾಗೇ ಇದ್ದಳು. ಡಾಕ್ಟರರ ಬಳಿ ಕರೆದೊಯ್ದಿದ್ದರು. ಎಪ್ಪತ್ತೆರಡರ ಮೇ ತಿಂಗಳಲ್ಲಿ, ಹದಿನೆಂಟು ದಾಟಿತಲ್ಲ ಎಂದು ಮದುವೆ ಮಾಡಿದರು. ಆಗ ಅವಳಿಗೆ ಹದಿನೈದು. ಮದುವೆಯ ಮಂಟಪದಲ್ಲಿ ನಿದ್ದೆ ತೂಗಿದ್ದು, ಗಂಡನ ಮನೆಯಲ್ಲಿ ದೊಡ್ಡ ಕಡಾಯಿ ಎತ್ತಲಾರದೆ ಬೈಸಿಕೊಂಡದ್ದು ಎಲ್ಲ ನೆನಪಾಯಿತು. ತಾನು ಕೈಲಾಗದವಳು ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ಆಮೇಲೆ ಅಮ್ಮನ ನೆನಪಾಯಿತು. ನಡುನಡುವೆ ಅಮ್ಮ ಕೈಕೆಲಸ ಬಿಟ್ಟು ಅವಳನ್ನೇ ದಿಟ್ಟಿಸಿ ನೋಡುತ್ತಿದ್ದಳು, ಏನನ್ನೋ ಹುಡುಕುವವಳ ಹಾಗೆ. ಹುಡುಕಿದ್ದು ಸಿಕ್ಕಿತ್ತೋ ಇಲ್ಲವೋ.

ಮೂರು ನಾಲ್ಕು ದಿನ ಬಿಟ್ಟು ಅಶ್ವಿತಾ ಆ ಮಾತು ತೆಗೆದಳು. ಮೆತ್ತಗೇ ತೆಗೆದಳು.

"ಅಮ್ಮ, ಒಂದು ಯೋಚನೆ ಮಾಡು. ನಿನ್ನ ಎಸ್ಎಸ್ಎಲ್‌ಸಿ, ನಿನ್ನ ಪಾಸ್‌ಪೋರ್ಟ್, ಅಪ್ಪನ ಪೆನ್ಶನ್ ಪೇಪರ್, ಎಲ್ಲಾದ್ರಲ್ಲೂ ನೀನು ಅವಳೇ. ನಾವು ಹೊಸದಾಗಿ ಏನೂ ಸುಳ್ಳು ಹೇಳ್ತಿಲ್ಲ."

"ಇಷ್ಟು ದಿನ ನನಗೆ ಗೊತ್ತಿರ್ಲಿಲ್ಲ."

"ಈಗ ಗೊತ್ತಾಗಿ ಏನಾಯ್ತು? ಯಾರಿಗೆ ನಷ್ಟ?"

ವನಜಾಕ್ಷಿ ಸೊಪ್ಪು ಬಿಡಿಸುತ್ತಿದ್ದಳು. ಅವಳ ಮನಸ್ಸಿನಲ್ಲಿದ್ದದ್ದು ಆಗ ಹೊರಗೆ ಬಂತು. "ಮಡಗಾಂವಿನ ಆ ಪುಸ್ತಕದಲ್ಲಿ ಅವಳು ಇನ್ನೂ ಜೀವಂತ ಇದ್ದಾಳೆ ಅಶೂ. ಸತ್ತಳು ಅಂತ ಒಂದು ಸಾಲು ಬರೆಸ್ಬೇಕು ಅಂತ ನನಗೆ. ಅಣ್ಣ ನೋಡಿದ್ದಾನಲ್ಲ, ಅವನು ಹೇಳಿದ್ರೆ ಬರೀಲಿಕ್ಕಿಲ್ವಾ? ಅವಳಿಗೆ ಅಂತ ಯಾರೂ ಏನೂ ಮಾಡ್ಲಿಲ್ಲ. ಹೆಸರು ಸಹ ನಾನು ತಕೊಂಡೆ."

"ಹಾಗೆ ಬರೆಸಿದ್ರೆ ನನ್ನ ಕೇಸ್ ಅಲ್ಲಿಗೆ ಮುಗೀತು. ಗೊತ್ತಲ್ವಾ?"

"ಗೊತ್ತುಂಟು."

ಅಶ್ವಿತಾ ಎದ್ದು ನಿಂತಳು. "ನಿನಗೆ ಸತ್ತವಳು ಮುಖ್ಯವಾ, ಬದುಕಿರೋ ನಾನಾ?"

ಅಪ್ಪನ ಸಾವಿಗೆ ಬರಲಾಗದ ಮಗಳು ಕೇಳಿದ ಪ್ರಶ್ನೆ ಅದು. ವನಜಾಕ್ಷಿ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ಅಶ್ವಿತಾ ಬಾಗಿಲೆಳೆದುಕೊಂಡು ಕೆಲಸಕ್ಕೆ ಹೋದಳು. ಅವತ್ತಿನಿಂದ ಮನೆಯಲ್ಲಿ ಬೇಕಾದಷ್ಟೇ ಮಾತು.

ಅಕ್ಟೋಬರಿನ ಕೊನೆಗೆ ಊರಿನ ಪೂರ್ವದ ಗುಡ್ಡಗಳಿಗೆ ಬೆಂಕಿ ಬಿತ್ತು. ನಾಲ್ಕು ದಿನ ಸೂರ್ಯ ಕಿತ್ತಳೆಯ ಬಣ್ಣದಲ್ಲಿ ಹುಟ್ಟಿ ಮುಳುಗಿದ. ಆಫೀಸು ಶಾಲೆಗಳೆಲ್ಲ ಮುಚ್ಚಿದ್ದವು. ಕಿಟಕಿಯ ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ ತಾಯಿ ಮಗಳು ಒಂದೇ ಕೋಣೆಯಲ್ಲಿ ಟಿವಿ ನೋಡುತ್ತ ಕೂತರು. ಹೊಗೆಗೆ ವನಜಾಕ್ಷಿ ಕೆಮ್ಮತೊಡಗಿದರೆ ಅಶ್ವಿತಾ ಬಿಸಿನೀರು ಕಾಯಿಸಿ ತಂದುಕೊಡುತ್ತಿದ್ದಳು, ಬೆನ್ನು ತಿಕ್ಕುತ್ತಿದ್ದಳು. ಮಗಳ ಕಣ್ಣ ಕೆಳಗೆ ಕಪ್ಪಾಗಿದ್ದುದನ್ನು ವನಜಾಕ್ಷಿ ನೋಡಿದಳು. ಈ ಊರಿನಲ್ಲಿ ಏಳು ವರ್ಷದಿಂದ ಈ ಹುಡುಗಿಯ ಬೆನ್ನು ತಿಕ್ಕಲು ಯಾರಿದ್ದರು ಎಂದು ಅವಳಿಗೆ ಅನ್ನಿಸಿತು.

ಬೆಂಕಿ ಆರಿದ ಮೇಲೆ, ತಡವಾಗಿ ಬಂದ ಟಪಾಲಿನಲ್ಲಿ ಪೊಮೊನಾದ ಲಕೋಟೆಯಿತ್ತು. ಮೋನಪ್ಪ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲಿ ತಾನೇ ಟೈಪ್ ಮಾಡಿ, ನೋಟರಿಯ ಎದುರು ಸಹಿ ಹಾಕಿ ಕಳಿಸಿದ್ದ. ಜೊತೆಗೆ ಕನ್ನಡದಲ್ಲಿ ಒಂದು ಚೀಟಿ: "ವನಜಾ, ನಾನು ಯೋಚಿಸಿ ನೋಡಿದೆ. ಇರುವವರಿಗೆ ಬೇಕಲ್ಲ. ನೀನೂ ಸಹಿ ಹಾಕು."

ಪ್ರಮಾಣಪತ್ರದಲ್ಲಿ ಏನಿದೆಯೆಂದು ಓದಲು ವನಜಾಕ್ಷಿಗೆ ಧೈರ್ಯ ಸಾಲಲಿಲ್ಲ. ಅದನ್ನು ಮಗಳ ಕೈಗೆ ಕೊಟ್ಟು, "ನಾಳೆ ಹೋಗುವ," ಎಂದಳು.

ನೋಟರಿ ಕೂರುತ್ತಿದ್ದದ್ದು ಟಪಾಲು ಪೆಟ್ಟಿಗೆಗಳ ಒಂದು ಅಂಗಡಿಯಲ್ಲಿ, ಡೋನಟ್ ಅಂಗಡಿಯ ಪಕ್ಕ. ಇಪ್ಪತ್ತೈದರ ಹುಡುಗಿ. ಪಾಸ್‌ಪೋರ್ಟ್ ನೋಡಿ, ಬಲಗೈ ಎತ್ತಿ ಎಂದಳು. ಈ ಕಾಗದದಲ್ಲಿ ಇರುವುದೆಲ್ಲ ನಿಜವೇ, ಇದರಲ್ಲಿರುವ ವ್ಯಕ್ತಿ ನೀವೇ ಏನು ಎಂದು ಕೇಳಿದಳು. ವನಜಾಕ್ಷಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. "ಯೆಸ್," ಎಂದಳು. ಸಹಿ ಹಾಕಿದಳು. ಹೊರಗೆ ಬಂದು ಕಾರಿನ ಬಾಗಿಲು ತೆಗೆಯಲು ಹೋದರೆ ಹಿಡಿಕೆ ಕೈಗೆ ಸಿಗಲಿಲ್ಲ. ಗಾಜಿನ ಮೇಲೆ ಕೂತಿದ್ದ ಬೂದಿಯ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತಳು. ಅಶ್ವಿತಾ ಸುತ್ತಿಕೊಂಡು ಬಂದು ಬಾಗಿಲು ತೆಗೆದುಕೊಟ್ಟಳು.

ಡಿಸೆಂಬರಿನಲ್ಲಿ ವನಜಾಕ್ಷಿ ಉಡುಪಿಗೆ ಮರಳಿದಳು. ಫೋನಿನಲ್ಲಿ ಕೇಳಿದಾಗಲೆಲ್ಲ ಅಶ್ವಿತಾ, "ಲಿಸ್ಬನ್‌ನಲ್ಲಿ ಲೇಟ್ ಅಂತೆ ಅಮ್ಮ," ಎನ್ನುತ್ತಿದ್ದಳು. ಗಾಲ್ವೆಯ ಕೆಲಸ ಬೇರೆ ಯಾರಿಗೋ ಹೋಯಿತು. ಜೂನಿನಲ್ಲಿ ಅವಳು ಅಪಾರ್ಟ್‌ಮೆಂಟ್ ಖಾಲಿ ಮಾಡಿ ಕೆನಡಾದ ಹ್ಯಾಲಿಫ್ಯಾಕ್ಸಿಗೆ ಹೋದಳು. ಮೂರು ವರ್ಷದ ಕೆಲಸ, ಮತ್ತೆ ಮೂರು ವರ್ಷದ ವೀಸಾ. ವನಜಾಕ್ಷಿ ಕೇಳುವುದನ್ನು ಕ್ರಮೇಣ ಕಡಿಮೆ ಮಾಡಿದಳು.

೨೦೦೬ರ ಸೆಪ್ಟೆಂಬರಿನಲ್ಲಿ ಮೋನಪ್ಪನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಪ್ಯಾಂಕ್ರಿಯಾಸಿನದು, ಕೊನೆಯ ಹಂತ. ವನಜಾಕ್ಷಿಯ ಹಳೆಯ ವೀಸಾ ಇನ್ನೂ ಚಾಲ್ತಿಯಲ್ಲಿದ್ದುದರಿಂದ ಅವಳು ವಾರದೊಳಗೆ ಪೊಮೊನಾ ತಲುಪಿದಳು. ಅಣ್ಣನಿಗೆ ಗಂಜಿ ಕುಡಿಸಿದಳು, ಮೈ ಒರೆಸಿದಳು. ಮಡಗಾಂವಿನ ಮಾತನ್ನು ಇಬ್ಬರೂ ತೆಗೆಯಲಿಲ್ಲ. ಆದರೆ ಅವನು ದಿನಾ, "ಅಶ್ವಿತಾ ಬರ್ತಾಳಾ?" ಎಂದು ಕೇಳುತ್ತಿದ್ದ.

ಅಶ್ವಿತಾ ಬರಬೇಕಾದರೆ ಅಮೆರಿಕದ ವೀಸಾ ಬೇಕಿತ್ತು. ಅರ್ಜಿ ಹಾಕಿದಳು. ಒಂದು ವಾರ ಕಳೆಯಿತು, ಎರಡು ಕಳೆಯಿತು. "ಇನ್ನೂ ಪ್ರಾಸೆಸಿಂಗ್ ಅಂತಿದಾರೆ ಅಮ್ಮ," ಎಂದು ಫೋನಿನಲ್ಲಿ ಅತ್ತಳು. ನಾಲ್ಕು ವರ್ಷದ ಹಿಂದೆ ಹೇಳಿದ ಹಾಗೆ ಬರಬೇಡ ಎನ್ನಲು ಈ ಸಲ ವನಜಾಕ್ಷಿಗೆ ಬಾಯಿ ಬರಲಿಲ್ಲ. ಮೂರು ವಾರಕ್ಕೆ ವೀಸಾ ಸಿಕ್ಕಿತು. ಅಶ್ವಿತಾ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಿಂದ ನೇರವಾಗಿ ಆಸ್ಪತ್ರೆಗೆ ಬಂದಾಗ ಮೋನಪ್ಪ ಹಾಸಿಗೆಯಲ್ಲಿ ಒಂದು ಹಿಡಿಯಷ್ಟಾಗಿದ್ದ. ಗುರುತು ಹಿಡಿದ.

"ಆ ಪಾಸ್‌ಪೋರ್ಟ್ ಬಂತಾ ಮಗಳೇ?" ಎಂದು ಕೇಳಿದ.

"ಬಂತು ಮಾವ," ಎಂದಳು ಅಶ್ವಿತಾ, ಒಂದು ಕ್ಷಣವೂ ತಡೆಯದೆ. "ಅದು ಇದ್ದಿದ್ದಕ್ಕೇ ಇಷ್ಟು ಬೇಗ ಬರೋಕಾಯ್ತು."

ಮೋನಪ್ಪ ಕಣ್ಣು ಮುಚ್ಚಿಕೊಂಡ. "ಹಾಗಾದ್ರೆ ಆಯ್ತು," ಎಂದ. "ಅವಳಿಂದ ಒಬ್ಬರಿಗಾದರೂ ಉಪಕಾರ ಆಯ್ತಲ್ಲ."

ಹಾಸಿಗೆಯ ಆ ಬದಿಗೆ ನಿಂತಿದ್ದ ವನಜಾಕ್ಷಿ ಮಗಳ ಮುಖ ನೋಡಿದಳು. ಅಷ್ಟು ಸಲೀಸಾಗಿ ಬಂದ ಆ ಸುಳ್ಳು ಕೇಳಿ, ಲಿಸ್ಬನ್ನಿನ ಮಾತೂ ಇಂಥದ್ದೇ ಎಂದು ಅವಳಿಗೆ ಅಲ್ಲೇ ತಿಳಿಯಿತು. ಮಗಳನ್ನು ಹೊರಗಿನ ಕಾರಿಡಾರಿಗೆ ಕರೆದುಕೊಂಡು ಬಂದಳು.

"ನೀನು ಅದನ್ನು ಕಳಿಸ್ಲೇ ಇಲ್ಲ."

ಅಶ್ವಿತಾ ಗೋಡೆಗೆ ಒರಗಿದಳು. "ಇಲ್ಲ."

"ಮೂರು ವರ್ಷ ಲಿಸ್ಬನ್ನು, ಲೇಟು ಅಂದೆ."

"ಪೋಸ್ಟ್ ಆಫೀಸ್‌ವರೆಗೂ ಹೋಗಿದ್ದೆ ಅಮ್ಮ. ಕ್ಯೂನಲ್ಲಿ ನಿಂತಿದ್ದೆ. ಎಲ್ಲಾ ಸರಿ ಇದ್ಯಾ ಅಂತ ಒಂದ್ ಸಲ ನೋಡೋಣ ಅಂತ ಮಾವನ ಅಫಿಡವಿಟ್ ತೆಗೆದೆ." ಅವಳು ನಿಲ್ಲಿಸಿ ನಿಲ್ಲಿಸಿ ಹೇಳಿದಳು. "'ಈಕೆ ಹುಟ್ಟಿದ ಬೆಳಗ್ಗೆ ನಾನು ಮನೆಯಲ್ಲಿದ್ದೆ. ಈಕೆಯನ್ನು ನನ್ನ ಹೆಗಲ ಮೇಲೆ ಹೊತ್ತಿದ್ದೇನೆ. ಈಕೆ ಬದುಕಿದ್ದಾಳೆ, ಚೆನ್ನಾಗಿದ್ದಾಳೆ. ಇವಳನ್ನು ಬಿಟ್ಟು ನನಗೆ ಬೇರೆ ತಂಗಿ ಇರಲಿಲ್ಲ.' ಅಷ್ಟೇ ಬರೆದಿದ್ರು. ನನ್ನ ಕೈಲಿ ಆಗ್ಲಿಲ್ಲ ಅಮ್ಮ. ಲೈನ್ ಬಿಟ್ಟು ಬಂದ್ಬಿಟ್ಟೆ."

ವನಜಾಕ್ಷಿಗೆ ಮೊದಲು ಬಂದದ್ದು ಸಿಟ್ಟು. "ನಾನು ಕೈ ಎತ್ತಿ ಸುಳ್ಳು ಹೇಳಿದೆ. ಅವನು ಬರೆದುಕೊಟ್ಟ. ಯಾರಿಗೋಸ್ಕರ? ನೀನು ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತೆ?"

"ಹೇಳಿದ್ರೆ ನೀವಿಬ್ರೂ ಮಾಡಿದ್ದು ವೇಸ್ಟ್ ಆಯ್ತು ಅನ್ಸತ್ತಲ್ಲ ಅಂತ..."

"ಅದು ವೇಸ್ಟು ಅಲ್ಲದೆ ಮತ್ತೆ ಎಂತ?" ಎಂದಳು ವನಜಾಕ್ಷಿ. ಅವಳ ದನಿ ಏರಿತು. ಹಾದುಹೋಗುತ್ತಿದ್ದ ನರ್ಸು ತಿರುಗಿ ನೋಡಿದಳು. ಆಮೇಲೆ ಅವಳು ಅಲ್ಲಿದ್ದ ಕುರ್ಚಿಯಲ್ಲಿ ಕೂತುಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಶ್ವಿತಾ ಮಂಡಿಯೂರಿ ಅವಳ ಕಾಲ ಬಳಿ ಕೂತಳು. ಮಗಳ ತಲೆಯ ಮೇಲೆ ಕೈಯಿಡಬೇಕು ಎಂದು ವನಜಾಕ್ಷಿಗೆ ಅನ್ನಿಸಿತು. ಸ್ವಲ್ಪ ಹೊತ್ತಾದ ಮೇಲೆ ಇಟ್ಟಳು.

ಮೋನಪ್ಪ ಎರಡು ದಿನ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡ. ಇಬ್ಬರೂ ಬಳಿಯಲ್ಲಿದ್ದರು. ಅಂತ್ಯಕ್ರಿಯೆಯ ಕಚೇರಿಯಲ್ಲಿ ಒಬ್ಬಾತ ಕಂಪ್ಯೂಟರಿನಲ್ಲಿ ಎಲ್ಲ ತುಂಬಿಕೊಂಡ: ಹೋದ ಗಂಟೆ, ನಿಮಿಷ, ಕಾರಣ, ಡಾಕ್ಟರರ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ಊರು. ಮಾಹಿತಿ ಕೊಟ್ಟವರು ಯಾರು ಎಂಬಲ್ಲಿ ವನಜಾಕ್ಷಿಯ ಹೆಸರು ಬರೆದು, ಸಂಬಂಧ ತಂಗಿ ಎಂದು ಹಾಕಿದ. ಸಾವಿನ ಪತ್ರದ ಎಷ್ಟು ಪ್ರತಿ ಬೇಕೆಂದು ಕೇಳಿದ. ಅಶ್ವಿತಾ ನಾಲ್ಕು ಎಂದಳು.

ಮನೆ ಖಾಲಿ ಮಾಡಲು ಹನ್ನೆರಡು ದಿನ ಹಿಡಿಯಿತು. ಹೊರಡುವ ಹಿಂದಿನ ಮಧ್ಯಾಹ್ನ ಹಿತ್ತಲಿನಲ್ಲಿ ಕೂತಿದ್ದಾಗ ಅಶ್ವಿತಾ ಮೆಲ್ಲಗೆ ಹೇಳಿದಳು: "ಅಮ್ಮ, ನೀನು ಅವತ್ತು ಹೇಳಿದ್ದೆಯಲ್ಲ, ದೊಡ್ಡಮ್ಮಂದು ಡೆತ್ ಬರೆಸ್ಬೇಕು ಅಂತ. ಈಗ ಮಾಡೋಣ. ಮಡಗಾಂವಿಗೆ ನಾನೇ ಬರೀತೀನಿ. ಆ ವಕೀಲನ ಅಡ್ರೆಸ್ ಇದೆ."

ಆ ಮಗುವಿಗೆ ಯಾರೋ ದೊಡ್ಡಮ್ಮ ಎಂದದ್ದನ್ನು ವನಜಾಕ್ಷಿ ಮೊದಲ ಸಲ ಕೇಳಿದಳು.

"ಎಂತ ಅಂತ ಬರೀತಿ?" ಎಂದಳು. "ಯಾರು ನೋಡಿದ್ದು ಅಂತ ಕೇಳಿದ್ರೆ? ಗುಂಡಿ ತೋಡಿದವರು ಹೋದರು, ಹೊತ್ತವನು ಈಗ ಹೋದ. ನಾನು ಆಗ ಹುಟ್ಟಿರ್ಲಿಲ್ಲ."

ಅಶ್ವಿತಾ ಬಸಳೆಯ ಒಂದು ಎಲೆ ಕಿತ್ತು ಕೈಯಲ್ಲಿ ಹಿಡಿದುಕೊಂಡಳು.

"ಅವನು ಮೂರು ವರ್ಷ ಇದ್ದ ಅಶೂ. ನಿಜ ಬರೆದುಕೊಡು ಅಂತ ಕೇಳಿದ್ರೆ ಒಂದು ದಿನದಲ್ಲಿ ಬರೆದುಕೊಡ್ತಿದ್ದ. ಅವನ ಮನಸ್ಸೂ ಹಗುರ ಆಗ್ತಿತ್ತೋ ಏನೋ. ನಾವು ಅವನಿಂದ ಬರೆಸಿಕೊಂಡದ್ದು, ಅವಳು ಚೆನ್ನಾಗಿದ್ದಾಳೆ ಅಂತ."

ಮಾರನೇ ದಿನ ವಿಮಾನ ನಿಲ್ದಾಣದಲ್ಲಿ ಅಶ್ವಿತಾಳ ಗೇಟು ಒಂದು ಕಡೆ, ವನಜಾಕ್ಷಿಯದು ಇನ್ನೊಂದು ಕಡೆ. ಮುಂದಿನ ವರ್ಷ ಖಂಡಿತ ಊರಿಗೆ ಬರುತ್ತೇನೆ, ಕೆನಡಾದಲ್ಲಿ ಕಾಯಂ ನೆಲೆಸುವ ಕಾಗದಗಳು ಅಷ್ಟರಲ್ಲಿ ಆಗಬಹುದು ಎಂದಳು ಅಶ್ವಿತಾ. ವನಜಾಕ್ಷಿ ತಲೆಯಾಡಿಸಿದಳು. ಮಗಳು ಕಳಿಸದೇ ಇದ್ದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಅವಳಿಗೆ ಬಗೆಹರಿದಿರಲಿಲ್ಲ. ತಾನು ಮಗಳನ್ನು ಮನ್ನಿಸಿದ್ದೇನೆಯೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಅಶ್ವಿತಾಳ ಕೋಟಿನ ಗುಂಡಿ ಹಾಕಿ, "ಅಲ್ಲಿ ಚಳಿ ಶುರುವಾಗಿರಬಹುದು," ಎಂದಳು. ಅಶ್ವಿತಾ ಹೋಗಿ ಸಾಲಿನಲ್ಲಿ ನಿಂತಳು. ಸಾಲು ಉದ್ದವಿತ್ತು, ನಿಧಾನಕ್ಕೆ ಸರಿಯುತ್ತಿತ್ತು. ಮಗಳ ತಲೆ ಕಾಣುವಷ್ಟು ಹೊತ್ತು ವನಜಾಕ್ಷಿ ಅಲ್ಲೇ ನಿಂತಿದ್ದಳು.